ಮಳೆಗಾಲಕ್ಕೆ ಮೊದಲು ಹೆಂಚಿನ ಮಾಡು: ಚರ್ಚ್ ಯುವಜನರ ಮನೆ ದುರಸ್ತಿ ಶಿಬಿರಕ್ಕೆ ಕೆಲವು ಮಾತು

ಕರಾವಳಿಯ ಚರ್ಚ್ ಯುವ ಸಂಘಟನೆಗಳ ಮುಂದಾಳುಗಳಿಗೆ ನೀಡಿದ ಉಪನ್ಯಾಸದ ಬರಹ ರೂಪ

ಎಲ್ಲರಿಗೂ ನಮಸ್ಕಾರ. ಈಸ್ಟರ್ ಮುಗಿದು ಕಾಲೇಜಿಗೆ ರಜೆ ಸಿಕ್ಕಿದ ಮೇಲೆ ಬೆಳ್ತಂಗಡಿ, ಕಡಬ, ಸುಳ್ಯ ಕಡೆಯ ಒಳಹಳ್ಳಿಗಳಿಗೆ ಹೋಗಿ ನಾಲ್ಕೈದು ದಿನ ಉಳಿದು ಮನೆ ರಿಪೇರಿ ಮಾಡಿಕೊಟ್ಟು ಬರಬೇಕು ಎಂದು ಯೋಚಿಸುತ್ತಿರುವವರು ಇಲ್ಲಿದ್ದೀರಿ. ಹೋಗಿ ಏನು ಮಾಡುತ್ತೀರಿ ಎಂದು ಕೇಳಿದರೆ ಮೊದಲು ಬರುವ ಉತ್ತರ ಬಣ್ಣ ಹೊಡೆಯುವುದು. ಬಣ್ಣ ಸುಲಭ, ಎಲ್ಲರ ಕೈಗೂ ಕೆಲಸ ಸಿಗುತ್ತದೆ, ಸಂಜೆಗೆ ಮನೆ ಚೆಂದ ಕಾಣುತ್ತದೆ. ಆದರೆ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಾಡು, ಅಂದರೆ ಛಾವಣಿ, ಸೋರುವ ಮನೆಯ ಗೋಡೆಗೆ ಹೊಡೆದ ಬಣ್ಣ ಜುಲೈ ಮುಗಿಯುವುದರೊಳಗೆ ಪದರ ಪದರವಾಗಿ ಏಳುತ್ತದೆ. ಆದ್ದರಿಂದ ಇವತ್ತು ನಾನು ಮಾಡಿನ ಬಗ್ಗೆಯೇ ಮಾತಾಡುತ್ತೇನೆ. ಮನೆಯೊಳಗೆ ನೀರು ಬಾರದಂತೆ ಮಾಡುವುದು ಮೊದಲ ಕೆಲಸ. ಅದು ಮುಗಿದು ದಿನ ಉಳಿದರೆ ಮಾತ್ರ ಬೇರೆಯದು.

ಯುವಜನರನ್ನು ಕರೆದುಕೊಂಡು ಹೋಗಿ ಬಡವರ ಮನೆ ರಿಪೇರಿ ಮಾಡುವ ಈ ಕ್ರಮ ಅಮೆರಿಕದ ಅಪಲೇಚಿಯ ಬೆಟ್ಟಸಾಲಿನಲ್ಲಿ ದೊಡ್ಡದಾಗಿ ಬೆಳೆದಿದೆ. ಅಲ್ಲಿ 1969ರಲ್ಲಿ ಟೆಕ್ಸ್ ಇವಾನ್ಸ್ ಎಂಬ ಮೆಥಡಿಸ್ಟ್ ಪಾದ್ರಿ ಶುರು ಮಾಡಿದ ಅಪಲೇಚಿಯ ಸರ್ವಿಸ್ ಪ್ರಾಜೆಕ್ಟ್ ಮನೆಗಳನ್ನು ಬೆಚ್ಚಗೆ, ಸುರಕ್ಷಿತವಾಗಿ, ಒಣದಾಗಿ ಇಡುವುದನ್ನೇ ಗುರಿ ಮಾಡಿಕೊಂಡಿದೆ. ಅವರಿಗೆ ಚಳಿ ದೊಡ್ಡ ಶತ್ರು. ನಮ್ಮಲ್ಲಿ ಒಣದಾಗಿರುವುದು ಮೊದಲು. ಗೋಡೆಯ ಕೆಂಪು ಕಲ್ಲು, ಮರಮಟ್ಟು, ಕರೆಂಟಿನ ವಯರು, ಮಕ್ಕಳ ಪುಸ್ತಕ, ಅಜ್ಜಿಯ ಕೆಮ್ಮು, ಎಲ್ಲದರ ಹಿಂದೆಯೂ ಸೋರುವ ಮಾಡು ಇರುತ್ತದೆ.

ಹೆಂಚಿಗೂ ಚರ್ಚಿಗೂ ಇಲ್ಲಿ ಹಳೆಯ ನಂಟು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್‌ನ ಮುದ್ರಣಾಲಯ ನೋಡಿಕೊಳ್ಳುತ್ತಿದ್ದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಮೂರು ವರ್ಷದಲ್ಲಿ ಆಲ್ಬುಕರ್ಕ್ ಕಾರ್ಖಾನೆಯೂ ಬಂತು. ಇಂದಿಗೂ ಹಳೆಯ ಮನೆಗಳ ಹೆಂಚು ತಿರುಗಿಸಿ ನೋಡಿದರೆ ಇವುಗಳ ಹೆಸರಿನ ಅಚ್ಚು ಸಿಗುತ್ತದೆ. ಇದನ್ನು ಹೇಳಿದ್ದು ಇತಿಹಾಸಕ್ಕಾಗಿ ಅಲ್ಲ. ಆ ಅಚ್ಚು ನಿಮ್ಮ ಕೆಲಸಕ್ಕೆ ಬೇಕು, ಯಾಕೆಂದು ಮುಂದೆ ಹೇಳುತ್ತೇನೆ.

ಮನೆ ಆರಿಸುವುದು ಮಾರ್ಚ್ ತಿಂಗಳಲ್ಲೇ ಆಗಬೇಕು. ವಾಳೆಯ, ಅಂದರೆ ಚರ್ಚಿನ ವಾರ್ಡಿನ, ಮುಖ್ಯಸ್ಥರಾದ ಗುರಿಕಾರರಿಗೂ ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಸದಸ್ಯರಿಗೂ ಯಾರ ಮನೆ ಯಾವ ಸ್ಥಿತಿಯಲ್ಲಿದೆ ಎಂದು ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಕೇಳಿ. ಅದರ ಜೊತೆಗೆ ಆಶಾ ಕಾರ್ಯಕರ್ತೆಯನ್ನೂ ಕೇಳಿ, ಯಾಕೆಂದರೆ ಅವರು ಚರ್ಚಿಗೆ ಬಾರದವರ ಮನೆಗೂ ಹೋಗುತ್ತಾರೆ. ಸೋರುವ ಮನೆ ಯಾವ ಧರ್ಮದವರದ್ದು ಎಂದು ನೋಡಬೇಡಿ. ಕೆಲಸದ ನೆಪದಲ್ಲಿ ಆ ಮನೆಯಲ್ಲಿ ಪ್ರಾರ್ಥನೆ ಕೂಟ ಇಡಬೇಡಿ. ನಿಮ್ಮ ಪ್ರಾರ್ಥನೆ ಬೆಳಿಗ್ಗೆ ಹೊರಡುವ ಮೊದಲು ನೀವು ಉಳಿದುಕೊಂಡ ಕಡೆ ಆಗಲಿ. ಪಂಚಾಯತಿಯಲ್ಲಿ ಒಂದು ವಿಷಯ ವಿಚಾರಿಸಲೇಬೇಕು: ಆ ಮನೆಯವರ ಹೆಸರು ಸರಕಾರಿ ವಸತಿ ಯೋಜನೆಯ ಪಟ್ಟಿಯಲ್ಲಿದೆಯೇ? ಇದ್ದರೆ ಹಳೆಯ ಮನೆಯಲ್ಲಿ ಏನನ್ನು ಮುಟ್ಟಬಹುದು ಎಂದು ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಾಯಿಂದಲೇ ತಿಳಿದುಕೊಳ್ಳಿ. ಒಳ್ಳೆಯದು ಮಾಡಲು ಹೋಗಿ ಅವರಿಗೆ ಬರಬೇಕಾದ ಮನೆ ತಪ್ಪಿಸಬಾರದು. ಜಾಗ ಇನ್ನೊಬ್ಬರದ್ದಾಗಿದ್ದರೆ, ಕುಮ್ಕಿ (ಪಟ್ಟಾ ಜಮೀನಿಗೆ ತಾಗಿದ ಸರಕಾರಿ ಜಾಗ) ಆಗಿದ್ದರೆ, ತಕರಾರು ಇದ್ದರೆ ಅದನ್ನೂ ಮೊದಲೇ ತಿಳಿಯಿರಿ.

ಆಮೇಲೆ ಮನೆ ನೋಡಲು ಹೋಗುವುದು. ನಡು ಮಧ್ಯಾಹ್ನ ಹೋಗಿ. ಬಾಗಿಲು ಕಿಟಕಿ ಹಾಕಿಸಿ ಒಳಗೆ ಕತ್ತಲೆ ಮಾಡಿ ಮೇಲೆ ನೋಡಿದರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಪ್ರತಿ ಚುಕ್ಕೆಯೂ ಸೋರುವ ಜಾಗ ಎಂದೇನಿಲ್ಲ, ಆದರೆ ಒಡೆದ ಮತ್ತು ಜಾರಿದ ಹೆಂಚು ಅಲ್ಲೇ ಸಿಕ್ಕಿಬೀಳುತ್ತದೆ. ಮನೆಯ ಹೆಂಗಸರನ್ನು ಕೇಳಿ, ಮಳೆಗಾಲದಲ್ಲಿ ಪಾತ್ರೆ ಇಡುವ ಜಾಗ ಯಾವುದು ಎಂದು ಅವರು ಕೈ ಮಾಡಿ ತೋರಿಸುತ್ತಾರೆ. ನೀರು ಬೀಳುವ ಜಾಗದ ನೇರ ಮೇಲೆಯೇ ತೂತು ಇರುವುದಿಲ್ಲ ಎಂಬುದು ನೆನಪಿರಲಿ. ಒಳಕ್ಕೆ ಬಂದ ನೀರು ರೀಪಿನ (ಹೆಂಚು ಕೂರುವ ಅಡ್ಡ ಪಟ್ಟಿಯ) ಉದ್ದಕ್ಕೆ ಹರಿದು, ಪಕ್ಕಾಸಿಗೆ (ರೀಪನ್ನು ಹೊರುವ, ಗೋಡೆಯ ಕಡೆಗೆ ಇಳಿಯುವ ಓರೆ ಮರಕ್ಕೆ) ಇಳಿದು, ನಾಲ್ಕೈದು ಅಡಿ ಕೆಳಗೆ ಎಲ್ಲೋ ತೊಟ್ಟಿಕ್ಕುತ್ತದೆ. ಮರದ ಮೇಲಿನ ಕಪ್ಪು ಕಲೆಯನ್ನು ಹಿಂಬಾಲಿಸಿ ಮೇಲಕ್ಕೆ ಹೋದರೆ ಮೂಲ ಸಿಗುತ್ತದೆ.

ಜೇಬಿನಲ್ಲಿ ಒಂದು ಸ್ಕ್ರೂಡ್ರೈವರ್ ಇರಲಿ. ಪಕ್ಕಾಸಿನ ಬುಡಕ್ಕೆ, ಅಂದರೆ ಅದು ಗೋಡೆಯ ಮೇಲೆ ಕೂರುವ ಜಾಗಕ್ಕೆ ಮತ್ತು ಗೋಡೆಯ ಹೊರಗೆ ಚಾಚಿದ ಸೂರಿನ ತುದಿಗೆ ಚುಚ್ಚಿ ನೋಡಿ. ಗಟ್ಟಿ ಮರದಲ್ಲಿ ಮೊನೆ ನಿಲ್ಲುತ್ತದೆ. ಅರ್ಧ ಇಂಚು ಸಲೀಸಾಗಿ ಒಳಗೆ ಹೋದರೆ ಆ ಭಾಗ ಕುಂಬಾಗಿದೆ, ಅಂದರೆ ಕೊಳೆತಿದೆ. ಮರ ಹಾಳಾಗುವುದು ನಡುವಿನಲ್ಲಲ್ಲ, ಈ ಎರಡು ಜಾಗದಲ್ಲೇ, ಯಾಕೆಂದರೆ ಒದ್ದೆ ಗೋಡೆಗೆ ತಾಗಿ ಗಾಳಿಯಾಡದೆ ಇರುವುದು ಬುಡ, ಮಳೆಗೆ ನೇರ ಸಿಗುವುದು ತುದಿ. ಗೋಡೆಯ ಮೇಲೆ ಗೆದ್ದಲಿನ ಮಣ್ಣಿನ ಗೆರೆ ಇದೆಯೇ ನೋಡಿ. ಇದ್ದರೆ ಅದು ಯಾವ ಪಕ್ಕಾಸಿಗೆ ಹೋಗಿ ಸೇರುತ್ತದೆ ಎಂದು ಗುರುತು ಹಾಕಿ. ನಾಲ್ಕಕ್ಕಿಂತ ಹೆಚ್ಚು ಪಕ್ಕಾಸು ಕುಂಬಾಗಿದ್ದರೆ, ಅಥವಾ ಎರಡು ಇಳಿಜಾರು ಸೇರುವ ನೆತ್ತಿಯ ತೊಲೆಯೇ ಬಾಗಿದ್ದರೆ, ಆ ಮನೆ ನಾಲ್ಕು ದಿನದ ಶಿಬಿರಕ್ಕೆ ಸಲ್ಲುವ ಕೆಲಸ ಅಲ್ಲ. ಮರಗೆಲಸದ ಆಚಾರಿಯೊಬ್ಬರನ್ನು ಕರೆಸಿ ಬೇರೆಯಾಗಿ ಮಾಡಿಸುವ ಏರ್ಪಾಟು ಮಾಡಿ. ಇದರಲ್ಲಿ ಹಿಂಜರಿಕೆ ಬೇಡ. ಅರ್ಧ ಬಿಚ್ಚಿಟ್ಟ ಮಾಡು ಸೋರುವ ಮಾಡಿಗಿಂತ ಕೆಟ್ಟದ್ದು.

ಈಗ ಲೆಕ್ಕ. ಒಂದು ಮಾದರಿ ಮನೆ ತೆಗೆದುಕೊಳ್ಳೋಣ: 24 ಅಡಿ ಉದ್ದ, 18 ಅಡಿ ಅಗಲ, ಎರಡು ಇಳಿಜಾರು. ಎರಡೂ ತುದಿಯಲ್ಲಿ ಒಂದೊಂದು ಅಡಿ ಹೊರಚಾಚು ಸೇರಿ ಉದ್ದ 26 ಅಡಿ. ಅಗಲದ ಅರ್ಧ 9 ಅಡಿ, ಸೂರು ಒಂದೂವರೆ ಅಡಿ, ಒಟ್ಟು ಹತ್ತೂವರೆ. ಇಳಿಜಾರು 30 ಡಿಗ್ರಿ ಇದ್ದರೆ ಪಕ್ಕಾಸಿನ ಉದ್ದಕ್ಕೆ ಅಳೆದಾಗ ಸುಮಾರು 12 ಅಡಿ ಆಗುತ್ತದೆ. ಎರಡು ಕಡೆ ಸೇರಿ 630 ಚದರ ಅಡಿ. ಮಂಗಳೂರು ಹೆಂಚು ಸುಮಾರು 16 ಇಂಚು ಉದ್ದ, ಒಂಬತ್ತೂಕಾಲು ಇಂಚು ಅಗಲ. ಒಂದರ ಮೇಲೊಂದು ಕೂತಾಗ ಚದರ ಮೀಟರಿಗೆ ಹದಿನೈದು ಬೇಕು, ಅಂದರೆ ನೂರು ಚದರ ಅಡಿಗೆ 140. ಹೀಗೆ ಈ ಮನೆಗೆ ಸುಮಾರು 900 ಹೆಂಚು. ಒಂದೊಂದು ಎರಡೂವರೆ ಕಿಲೋ ಹಿಡಿದರೂ ಮಾಡಿನ ಮೇಲೆ ಎರಡು ಟನ್ನಿಗೂ ಮಿಕ್ಕಿದ ಭಾರ ಇದೆ, ಮಳೆಯಲ್ಲಿ ನೀರು ಕುಡಿದ ಮೇಲೆ ಇನ್ನೂ ಹೆಚ್ಚು. ಪಕ್ಕಾಸು ಯಾಕೆ ಮುಖ್ಯ ಎಂದು ಇದರಿಂದಲೇ ಗೊತ್ತಾಗುತ್ತದೆ.

ರೀಪು ಹನ್ನೆರಡೂವರೆಯಿಂದ ಹದಿಮೂರು ಇಂಚಿಗೊಂದು ಬರುತ್ತದೆ. ಒಂದು ಇಳಿಜಾರಿಗೆ ಹನ್ನೆರಡು ಸಾಲು, ಸೂರಿನ ತುದಿಗೆ ಒಂದು ಹೆಚ್ಚುವರಿ, ಒಟ್ಟು ಹದಿಮೂರು. ಎಲ್ಲವನ್ನೂ ಬದಲಿಸುವುದಾದರೆ ಎರಡು ಕಡೆಗೆ 676 ಅಡಿ, ತುಂಡಾಗುವುದು ಸೇರಿ 720 ಅಡಿ ತರಿಸಿ. ಎರಡೂವರೆ ಇಂಚಿನ ಮೊಳೆ ಎರಡು ಕಿಲೋ. ನೆತ್ತಿಯ ಹೆಂಚು ಸರಿಸುಮಾರು ಅಡಿಗೊಂದು. ಸಿಮೆಂಟು ಅರ್ಧ ಚೀಲ ಸಾಕು. ಬಿಚ್ಚಿ ಇಡುವಾಗ ಹೆಂಚು ಒಡೆಯುತ್ತದೆ, ಕೆಲವು ಮೊದಲೇ ಬಿರುಕು ಬಿಟ್ಟಿರುತ್ತವೆ, ಆದ್ದರಿಂದ ನೂರಕ್ಕೆ ಹತ್ತರಂತೆ ತೊಂಬತ್ತು ಹೆಂಚು ಹೆಚ್ಚಿಗೆ ಬೇಕು.

ಈ ತೊಂಬತ್ತು ಹೆಂಚಿನಲ್ಲೇ ಹೆಚ್ಚಿನ ಶಿಬಿರಗಳ ಕೆಲಸ ಕೆಡುವುದು. ಪೇಟೆಯಿಂದ ಹೊಸ ಹೆಂಚು ತಂದು ಒಡೆದ ಜಾಗಕ್ಕೆ ಸಿಕ್ಕಿಸುತ್ತಾರೆ. ನೋಡಲು ಒಂದೇ ತರಹ ಇರುತ್ತವೆ. ಆದರೆ ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ರೀತಿ. ಬದಿಯ ಗಾಡಿ, ಅಂದರೆ ನೀರು ಇಳಿಯುವ ಸಣ್ಣ ಕಾಲುವೆ, ನಾಲ್ಕೈದು ಮಿಲಿಮೀಟರ್ ಆಚೀಚೆ ಇದ್ದರೂ ಪಕ್ಕದ ಹೆಂಚು ಅದರೊಳಗೆ ಕೂರುವುದಿಲ್ಲ. ಸ್ವಲ್ಪ ಎದ್ದು ನಿಲ್ಲುತ್ತದೆ. ಬರೀ ಮಳೆಗೆ ಅದು ಸೋರದೆ ಇರಬಹುದು, ಪಡುವಣ ಗಾಳಿ ಜೊತೆಗೆ ಬಂದಾಗ ಆ ಸಂದಿಯಿಂದ ನೀರು ಒಳಕ್ಕೆ ಹೊಡೆಯುತ್ತದೆ. ಅದಕ್ಕೇ ಅಚ್ಚು ನೋಡಿ ಎಂದದ್ದು. ಕೆಳಗಿಳಿಸಿದ ಹೆಂಚುಗಳನ್ನು ಅಚ್ಚಿನ ಪ್ರಕಾರ ಬೇರೆ ಬೇರೆ ಸಾಲು ಇಡಿ. ಒಂದು ಅಚ್ಚಿನವು ಒಂದು ಇಳಿಜಾರಿಗೆ, ಅದರಲ್ಲೂ ಒಳ್ಳೆಯವು ಗಾಳಿ ಹೊಡೆಯುವ ಪಶ್ಚಿಮಕ್ಕೆ. ಉಳಿದವು ಇನ್ನೊಂದು ಬದಿಗೆ ಅಥವಾ ಜಗಲಿಗೆ. ಕಮ್ಮಿ ಬಿದ್ದರೆ ಹಳೆ ಮನೆ ಕೆಡವಿದ ಕಡೆ ಅದೇ ಅಚ್ಚಿನದು ಹುಡುಕಿ. ಒಂದು ಮಾದರಿ ಹೆಂಚು ವಾಹನದಲ್ಲಿ ಹಾಕಿಕೊಂಡು ಹೋಗಿ ಅಲ್ಲೇ ಜೋಡಿಸಿ ನೋಡಿಯೇ ತನ್ನಿ. ಬೆರಳ ಗೆಣ್ಣಿನಿಂದ ತಟ್ಟಿದರೆ ಠಣ್ ಎನ್ನಬೇಕು. ಸದ್ದು ಬೊದ್ದಾಗಿದ್ದರೆ ಕಣ್ಣಿಗೆ ಕಾಣದ ಬಿರುಕು ಇದೆ.

ಕೆಲಸದ ದಿನ ಮೊದಲು ಒಳಗಿನ ಸಾಮಾನು. ಅಟ್ಟದ ಮೇಲಿನ ಅಡಿಕೆ, ಸೌದೆ, ಹಂಡೆ ಎಲ್ಲ ಮನೆಯವರ ಎದುರೇ ಇಳಿಸಿ. ದೇವರ ಪಟಗಳನ್ನು ಮನೆಯವರೇ ತೆಗೆಯಲಿ. ಮಂಚ, ಕಪಾಟು, ಟಿವಿ ಮೇಲೆ ಟಾರ್ಪಾಲು ಹಾಕಿ, ನೂರು ವರ್ಷದ ಧೂಳು ಬೀಳುತ್ತದೆ. ಆ ಧೂಳಿನಲ್ಲಿ ಇಲಿಯ, ಬಾವಲಿಯ ಹಿಕ್ಕೆ ಇರುತ್ತದೆ, ಮಾಸ್ಕ್ ಮತ್ತು ಕೈಗವಸು ಇಲ್ಲದೆ ಯಾರೂ ಕೈ ಹಾಕಬೇಡಿ. ಹೆಂಚಿನ ಅಡಿಯಲ್ಲಿ ಚೇಳು, ಕಣಜದ ಗೂಡು ಸಾಮಾನ್ಯ, ಹಾವೂ ಇರುತ್ತದೆ. ಹೆಂಚನ್ನು ಬೆರಳು ಅಡಿಗೆ ತೂರಿಸಿ ಎತ್ತದೆ, ಮೊದಲು ತುದಿಯನ್ನು ಕೋಲಿನಿಂದ ಮೀಟಿ ನೋಡಿ. ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರು ಮಾಡಿನ ಹತ್ತಿರ ಹಾದುಹೋಗಿದ್ದರೆ ಮೆಸ್ಕಾಂ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ತೆಗೆಸಿಯೇ ಹತ್ತಿ. ಅಲ್ಯೂಮಿನಿಯಂ ಏಣಿ ಬೇಡ, ಬಿದಿರಿನದ್ದೋ ಮರದ್ದೋ ಇರಲಿ. ಏಣಿಯ ಬುಡ ಗೋಡೆಯಿಂದ ಎತ್ತರದ ಕಾಲುಭಾಗದಷ್ಟು ದೂರ, ತಲೆ ಸೂರಿನಿಂದ ಮೂರಡಿ ಮೇಲೆ, ತಲೆಯನ್ನು ಪಕ್ಕಾಸಿಗೆ ಹಗ್ಗದಲ್ಲಿ ಕಟ್ಟಿರಬೇಕು. ಹದಿನೆಂಟು ತುಂಬದವರು ಮಾಡು ಹತ್ತುವಂತಿಲ್ಲ, ಎಷ್ಟು ಹಟ ಮಾಡಿದರೂ. ಅವರಿಗೆ ಕೆಳಗೆ ಬೇಕಾದಷ್ಟು ಕೆಲಸ ಇದೆ.

ಹನ್ನೆರಡು ಜನರ ತಂಡಕ್ಕೆ ಒಬ್ಬ ಹೆಂಚಿನ ಮೇಸ್ತ್ರಿ, ಒಬ್ಬ ಆಚಾರಿ ಬೇಕೇ ಬೇಕು, ಮತ್ತು ಅವರಿಗೆ ದಿನದ ಸಂಬಳ ಕೊಡಬೇಕು. ಸೇವೆ ಮಾಡಲು ಬಂದವರು ನೀವು, ಅವರಲ್ಲ. ಮೇಲೆ ನಾಲ್ಕು ಜನ ಮಾತ್ರ, ಉಳಿದವರು ಏಣಿಯಿಂದ ಅಂಗಳದ ತನಕ ಸಾಲು ನಿಂತು ಎರಡೆರಡು ಹೆಂಚು ಕೈಯಿಂದ ಕೈಗೆ ದಾಟಿಸುವುದು. ಎಸೆಯಬಾರದು. ಕೆಳಗೆ ಮಲಗಿಸಿ ಪೇರಿಸಿದರೆ ಅಡಿಯವು ಒಡೆಯುತ್ತವೆ, ನಿಲ್ಲಿಸಿ ಒಂದಕ್ಕೊಂದು ಒರಗಿಸಿ. ಮಾಡಿನ ಮೇಲೆ ಕಾಲಿಡುವುದು ಹೆಂಚಿನ ನಡುವೆ ಅಲ್ಲ, ಎರಡು ಹೆಂಚು ಒಂದರ ಮೇಲೊಂದು ಬಂದು ಅಡಿಯಲ್ಲಿ ರೀಪು ಇರುವ ಜಾಗದಲ್ಲಿ, ಬರಿಗಾಲಲ್ಲಿ. ಒಂದು ಬದಿ ಪೂರ್ತಿ ಖಾಲಿ ಮಾಡಿ ಇನ್ನೊಂದು ಬದಿಯ ಭಾರ ಹಾಗೇ ಬಿಟ್ಟರೆ ಹಳೆಯ ಮರಮಟ್ಟು ಒಂದು ಕಡೆಗೆ ವಾಲುತ್ತದೆ. ನೆತ್ತಿಯಿಂದ ಶುರು ಮಾಡಿ ಎರಡೂ ಬದಿಯಲ್ಲಿ ಸಮವಾಗಿ ಇಳಿಸುತ್ತ ಬನ್ನಿ, ಹೊದಿಸುವಾಗಲೂ ಸೂರಿನಿಂದ ಎರಡೂ ಕಡೆ ಸಮವಾಗಿ ಹತ್ತಿ. ಸಂಜೆಗೆ ಮುಚ್ಚಲು ಆಗುವಷ್ಟನ್ನೇ ಬೆಳಿಗ್ಗೆ ಬಿಚ್ಚಿ. ಮೇ ತಿಂಗಳ ಸಂಜೆ ಗುಡುಗು ಮಳೆ ಹೇಳಿ ಕೇಳಿ ಬರುವುದಿಲ್ಲ. ಇಡೀ ಮಾಡು ಮುಚ್ಚುವಷ್ಟು ಟಾರ್ಪಾಲು, ಕಟ್ಟಲು ಹಗ್ಗ, ಮೊದಲ ಹೆಂಚು ಎತ್ತುವ ಮೊದಲೇ ಅಂಗಳದಲ್ಲಿ ಇರಬೇಕು. ಗುಡುಗು ಕೇಳಿದ ಕೂಡಲೇ ಎಲ್ಲರೂ ಕೆಳಗೆ.

ಕುಂಬಾದ ಪಕ್ಕಾಸಿನ ತುದಿಯನ್ನು ಗಟ್ಟಿ ಮರ ಸಿಗುವ ತನಕ ಕತ್ತರಿಸಿ ತೆಗೆಯಿರಿ. ಹೊಸ ತುಂಡನ್ನು ಹಳೆಯದರ ಪಕ್ಕಕ್ಕೆ ಕನಿಷ್ಠ ಮೂರಡಿ ಜೊತೆಗೂಡಿಸಿ, ಹತ್ತು ಮಿಲಿಮೀಟರಿನ ಬೋಲ್ಟ್ ಎರಡು ಹಾಕಿ ವಾಷರ್ ಸಮೇತ ಬಿಗಿಯಿರಿ. ಬರೀ ಮೊಳೆ ಹೊಡೆದರೆ ಎರಡು ಮಳೆಗಾಲಕ್ಕೆ ಸಡಿಲ. ರೀಪಿಗೆ ಸೀಳಿದ ಅಡಿಕೆ ಮರ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಬಲಿತ ಮರದ ಹೊರಗಿನ ಕಪ್ಪು ಗಟ್ಟಿ ಭಾಗ ಮಾತ್ರ ಬಾಳಿಕೆ ಬರುತ್ತದೆ, ಒಳಗಿನ ಬಿಳಿ ನಾರು ಕೆತ್ತಿ ತೆಗೆಯಬೇಕು. ಅದಕ್ಕೆ ನೇರ ಮೊಳೆ ಹೊಡೆದರೆ ಸೀಳುತ್ತದೆ, ಡ್ರಿಲ್ಲಿನಿಂದ ಸಣ್ಣ ತೂತು ಮಾಡಿಕೊಳ್ಳಿ. ಗೆದ್ದಲಿಗೆ ಗೇರು ಸಿಪ್ಪೆಯ ಎಣ್ಣೆ ಬಳಿಯುವುದು ಇಲ್ಲಿನ ಹಳೆಯ, ಒಳ್ಳೆಯ ರೂಢಿ. ಆದರೆ ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ರಬ್ಬರ್ ಕೈಗವಸು, ಉದ್ದ ತೋಳಿನ ಅಂಗಿ, ಕಣ್ಣಿಗೆ ಕನ್ನಡಕ ಹಾಕಿ, ಕೆಳಗೇ ಬಳಿದು ಒಣಗಿಸಿ ಮೇಲೆ ಕಳಿಸಿ.

ಸೂರಿನ ಮೊದಲ ರೀಪಿನ ಮೇಲೆ ಇನ್ನೊಂದು ರೀಪು ಇಟ್ಟು ಎತ್ತರ ಮಾಡಲು ಮರೆಯಬೇಡಿ. ಮೇಲಿನ ಸಾಲುಗಳ ಹೆಂಚಿನ ಮೂತಿ ಕೆಳಗಿನ ಹೆಂಚಿನ ಮೇಲೆ ಕೂರುತ್ತದೆ, ಮೊದಲ ಸಾಲಿಗೆ ಆ ಆಸರೆ ಇಲ್ಲ. ಎತ್ತರಿಸದಿದ್ದರೆ ಅದರ ಮೂತಿ ಕೆಳಗೆ ಬಾಗಿ ಎರಡನೇ ಸಾಲಿನ ಜೊತೆ ಸಂದಿ ಬಿಡುತ್ತದೆ, ಸೂರಿನ ಹತ್ತಿರದ ಗೋಡೆ ಅದಕ್ಕೇ ಒದ್ದೆಯಾಗುವುದು. ರೀಪಿನ ಅಂತರಕ್ಕೆ ಟೇಪು ನಂಬಿ ಕೂರಬೇಡಿ. ಆ ಮನೆಯ ಹೆಂಚನ್ನೇ ನಾಲ್ಕು ಇಟ್ಟು ನೋಡಿ, ಹಿಂದಿನ ಕೊಕ್ಕೆ ರೀಪನ್ನು ಹಿಡಿದು ಮೂತಿ ಪೂರ್ತಿ ಕೂತಾಗ ಬರುವ ಅಳತೆಗೆ ಒಂದು ಕಡ್ಡಿ ಕತ್ತರಿಸಿ, ಅದೇ ಕಡ್ಡಿಯಿಂದ ಎಲ್ಲ ಸಾಲು ಅಳೆಯಿರಿ.

ಹೆಂಚು ತೊಳೆಯುವುದು ಕೆಳಗಿರುವ ಕಿರಿಯರ ಕೆಲಸ, ಮತ್ತು ಇಡೀ ಶಿಬಿರದಲ್ಲಿ ಅತಿ ಹೆಚ್ಚು ಫಲ ಕೊಡುವ ಕೆಲಸ ಇದೇ. ಒಡೆಯದ ಹೆಂಚು ಸೋರುವುದಕ್ಕೆ ದೊಡ್ಡ ಕಾರಣ ಗಾಡಿಯಲ್ಲಿ ತುಂಬಿದ ಎಲೆಪುಡಿ ಮತ್ತು ಹಾವಸೆ. ಕಾಲುವೆ ಕಟ್ಟಿದರೆ ನೀರು ಅಂಚು ಹಾರಿ ಒಳಗೆ ಬೀಳುತ್ತದೆ. ಮೊದಲು ಒಣಗಿದ್ದಾಗಲೇ ಕಡ್ಡಿಯಿಂದ ಗಾಡಿ ಕೆರೆದು, ಆಮೇಲೆ ತೆಂಗಿನ ನಾರಿನ ಬ್ರಷ್ಷಿನಲ್ಲಿ ಬರೀ ನೀರಿನಿಂದ ತಿಕ್ಕಿ. ಆಸಿಡ್ ಬೇಡ. ಹಳ್ಳಿಯವರು ಇದನ್ನು ಹೆಂಚು ಕೈಯಾಡಿಸುವುದು ಎನ್ನುತ್ತಾರೆ. ಮರಮಟ್ಟು ಗಟ್ಟಿಯಿರುವ ಮನೆಗೆ ಇಷ್ಟೇ ಮಾಡಿದರೂ ಸಾಕು, ಒಂದು ದಿನದ ಕೆಲಸ.

ಸೂರಿನ ಸಾಲು ಮತ್ತು ಎರಡು ತುದಿಯ ಸಾಲುಗಳನ್ನು ಹೆಂಚಿನ ಹಿಂದಿರುವ ತೂತಿಗೆ ಜಿಐ (ಸತು ಲೇಪಿತ ಕಬ್ಬಿಣದ) ತಂತಿ ಹಾಕಿ ರೀಪಿಗೆ ಕಟ್ಟಿ, ಗಾಳಿ ಮೊದಲು ಎತ್ತುವುದು ಅವುಗಳನ್ನೇ. ನೆತ್ತಿಯ ಹೆಂಚಿಗೆ ಬರೀ ಸಿಮೆಂಟಿನ ಗಟ್ಟಿ ಗಾರೆ ಹಾಕಬೇಡಿ. ಅಡಿಯಲ್ಲಿರುವುದು ಮರ, ಬಿಸಿಲಿಗೂ ಮಳೆಗೂ ಅಲುಗುತ್ತದೆ, ಗಟ್ಟಿ ಗಾರೆ ಸೀಳುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಸರಿಯಾದ ಹದ. ಹೆಂಚನ್ನು ನೀರಲ್ಲಿ ಅದ್ದಿ ಇಡಿ, ಒಣ ಹೆಂಚು ಗಾರೆಯ ನೀರೆಲ್ಲ ಹೀರಿಬಿಡುತ್ತದೆ. ಗಾರೆ ಅಂಚಿನ ಅಡಿಗೆ ಮಾತ್ರ, ಹೊರಗೆ ಚಾಚದ ಹಾಗೆ. ಚಾಚಿದರೆ ಅದರ ಮೇಲೆ ನೀರು ನಿಲ್ಲುತ್ತದೆ. ಒದ್ದೆ ಗೋಣಿ ಹಾಕಿ ಐದು ದಿನ ನೀರುಣಿಸಬೇಕು, ನೀವು ಹೊರಟ ಮೇಲೆ ಯಾರು ಹಾಕುತ್ತಾರೆ ಎಂದು ಮನೆಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ಎರಡು ಮಾಡು ಸೇರುವ ಮೂಲೆಯಲ್ಲಿ ಹಳೆಯ ತಗಡು ತುಕ್ಕು ಹಿಡಿದಿದ್ದರೆ ಎರಡಡಿ ಅಗಲದ ಹೊಸ ಜಿಐ ತಗಡು, ಎರಡೂ ಅಂಚು ಮೇಲಕ್ಕೆ ಮಡಚಿ, ನಡುವೆ ಒಂದು ಮೊಳೆಯೂ ಬೀಳದ ಹಾಗೆ.

ಅಡುಗೆಮನೆಯ ಇಳಿಜಾರಿಗೆ ಕೆಲವು ಕಡೆ ಹಳೆಯ ಸಿಮೆಂಟು ಶೀಟು ಇರುತ್ತದೆ. ಅದರಲ್ಲಿ ಆಸ್ಬೆಸ್ಟಸ್ ಇರುತ್ತದೆ, ಕೊಯ್ದರೆ, ತೂತು ಕೊರೆದರೆ ಏಳುವ ಪುಡಿ ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ. ಯುವಜನರ ಕೈಯಲ್ಲಿ ಅದನ್ನು ಮುಟ್ಟಿಸಬೇಡಿ. ಅದರ ಮೇಲೆ ಕಾಲಿಟ್ಟರೆ ಮುರಿದು ಬೀಳುವ ಅಪಾಯವೂ ಇದೆ. ವಯರಿಂಗು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೆಲಸ. ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದು ಚರಂಡಿ ತೆಗೆದು ಕಲ್ಲು ಹಾಸುವುದು, ಬಚ್ಚಲ ಮೆಟ್ಟಿಲಿಗೆ ಹಿಡಿಕೆ ಹಾಕುವುದು, ಇವು ನೀವು ಮಾಡಬಹುದಾದವು.

ಫೋಟೊ ವಿಷಯ. ಮಾಡಿನ ಫೋಟೊ ಎಷ್ಟು ಬೇಕಾದರೂ ತೆಗೆಯಿರಿ, ಮುಂದಿನ ತಂಡಕ್ಕೆ ಉಪಯೋಗ ಇದೆ. ಮನೆಯವರನ್ನು ಸಾಲಾಗಿ ನಿಲ್ಲಿಸಿ ತೆಗೆದು ವಾಟ್ಸಾಪಿಗೆ ಹಾಕುವುದು ಬೇಡ. ಅವರು ಅದೇ ಊರಿನಲ್ಲಿ ಬಾಳಬೇಕಾದವರು. ಕೆಲಸ ಮಾಡುವಾಗ ಅಲ್ಲಿನ ಅಜ್ಜನನ್ನು, ಅಕ್ಕನನ್ನು ಕೇಳದೆ ಏನನ್ನೂ ಎಸೆಯಬೇಡಿ, ಹಳೆಯ ಪಕ್ಕಾಸಿನ ತುಂಡು ಕೂಡ ಅವರ ಒಲೆಗೆ ಸೌದೆ.

ಹೊರಡುವಾಗ ಇಪ್ಪತ್ತು ಹೆಂಚು ಅಲ್ಲೇ ಬಿಟ್ಟು ಬನ್ನಿ, ಅದೇ ಅಚ್ಚಿನವು. ಒಡೆದ ಒಂದು ಹೆಂಚನ್ನು ಮಾಡು ಹತ್ತದೆ ಒಳಗಿನಿಂದಲೇ ಬದಲಿಸುವುದನ್ನು ಮನೆಯ ಒಬ್ಬರಿಗೆ ಕೈಯಾರೆ ಮಾಡಿಸಿ ಕಲಿಸಿ: ಮೇಲಿನ ಹೆಂಚನ್ನು ಅಂಗೈಯಿಂದ ಎರಡು ಇಂಚು ಎತ್ತಿ ಹಿಡಿದು, ಒಡೆದದ್ದರ ಕೊಕ್ಕೆಯನ್ನು ರೀಪಿನಿಂದ ಬಿಡಿಸಿ ಓರೆ ಮಾಡಿ ಒಳಕ್ಕೆ ಎಳೆದುಕೊಂಡು, ಹೊಸದನ್ನು ಅದೇ ದಾರಿಯಲ್ಲಿ ಹೊರಕ್ಕೆ ತೂರಿಸಿ ಕೊಕ್ಕೆ ಕೂರಿಸುವುದು. ಜೂನ್ ಎರಡನೇ ವಾರ, ಒಂದೆರಡು ಜೋರು ಮಳೆ ಬಿದ್ದ ಮೇಲೆ, ನಿಮ್ಮಲ್ಲಿ ಇಬ್ಬರು ಮಳೆ ಸುರಿಯುತ್ತಿರುವಾಗಲೇ ಆ ಮನೆಗೆ ಹೋಗಿ ಟಾರ್ಚು ಹಿಡಿದು ಪ್ರತಿ ಕೋಣೆಯ ರೀಪು ನೋಡಿ. ಎಲ್ಲಾದರೂ ತೊಟ್ಟಿಕ್ಕುತ್ತಿದ್ದರೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮಳೆ ಬಿಟ್ಟ ಮೇಲೆ ಆ ಹೆಂಚನ್ನು ಒಳಗಿನಿಂದ ಸರಿಪಡಿಸಿ ಬನ್ನಿ.